ಬೀರುವಿನಲ್ಲಿದ್ದ ಗ್ಲೌಸು

ಬಲಸಮುದ್ರದ ಕಡೆಯ ಒಂದು ಸೋಲಾರ್ ಪ್ಲಾಂಟಿಗೆ ನಾನು ಸೇಫ್ಟಿ ಆಫೀಸರ್ ಆಗಿ ಸೇರಿದ ಮೊದಲ ದಿನವೇ ಸೈಟ್ ಇನ್‌ಚಾರ್ಜು ದಪ್ಪನೆಯ ಫೈಲೊಂದನ್ನು ನನ್ನ ಮೇಜಿನ ಮೇಲೆ ತಂದಿಟ್ಟರು. "ಎಲ್ಲಾ ರೆಡಿ ಇದೆ ಮೇಡಂ. ನೀವು ತಿಂಗಳಿಗೊಂದ್ಸಲ ಸೈನ್ ಹಾಕಿಸ್ಕೊಂಡು ಡೇಟ್ ಬದಲಾಯಿಸಿದ್ರೆ ಸಾಕು," ಎಂದರು.

ಫೈಲಿನ ಬೆನ್ನಿಗೆ 'ಸುರಕ್ಷತಾ ನಿರ್ವಹಣಾ ವ್ಯವಸ್ಥೆ' ಎಂದು ಚೀಟಿ ಅಂಟಿಸಿದ್ದರು. ಒಳಗಿನ ಅಪಾಯಗಳ ಪಟ್ಟಿಯಲ್ಲಿ ಮೊದಲನೆಯದೇ ಬಾಯ್ಲರ್ ಸಿಡಿಯುವುದು. ನಮ್ಮಲ್ಲಿ ಬಾಯ್ಲರ್ ಇರಲಿಲ್ಲ. ಯಾವುದೋ ಕಾರ್ಖಾನೆಯ ಫೈಲಿಗೆ ನಮ್ಮ ಹೆಸರು ಹಾಕಿಟ್ಟಿದ್ದರು. ಹಗಲೆಲ್ಲ ಕರೆಂಟು ತಯಾರಿಸುವುದನ್ನು ಬಿಟ್ಟು ಬೇರೇನೂ ಮಾಡದ ನಮ್ಮ ಜಾಗದ ಫೈಲಿನಲ್ಲಿ ಕರೆಂಟಿನ ಬಗ್ಗೆ ಅರ್ಧ ಪುಟ ಇತ್ತು. ಅದನ್ನು ನೋಡಿ ನಾನು ನಕ್ಕೆ. ಸಂಜೆ ಮಧುಗಿರಿಗೆ ಬಂದು ಅಮ್ಮನಿಗೂ ಹೇಳಿ ನಗಿಸಿದೆ. ಆ ನಗುವಿಗೆ ನನಗೆ ಇವತ್ತಿಗೂ ನನ್ನ ಮೇಲೆ ಸಿಟ್ಟಿದೆ.

ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದವಳು. ಹತ್ತು ವರ್ಷ ತುಮಕೂರಿನ ಕಾರ್ಖಾನೆಗಳಲ್ಲಿ ದುಡಿದು, ಅಮ್ಮನಿಗೆ ಮಂಡಿ ನೋವು ಜಾಸ್ತಿಯಾದ ಮೇಲೆ ಮಧುಗಿರಿಗೇ ವಾಪಸಾಗಿದ್ದೆ. ದಿನಾ ಬೆಳಿಗ್ಗೆ ಪಾವಗಡದ ಬಸ್ಸು ಹತ್ತಿ, ಅಲ್ಲಿಂದ ಕಂಪನಿಯ ಜೀಪಿನಲ್ಲಿ ಸೈಟಿಗೆ. ಗೇಟು ದಾಟಿದರೆ ಕಣ್ಣು ಹೋಗುವವರೆಗೂ ಪ್ಯಾನೆಲ್ಲು, ನಡುವೆ ಮಣ್ಣಿನ ದಾರಿ, ಅಲ್ಲಲ್ಲಿ ಒಂದು ಇನ್ವರ್ಟರ್ ರೂಮು. ಸಾಲು ಸಾಲು ಪ್ಯಾನೆಲ್ಲುಗಳ ತಂತಿಗಳು ಒಂದೊಂದು ಡಬ್ಬಿಗೆ ಬಂದು ಸೇರಿ, ಅಲ್ಲಿಂದ ಇನ್ವರ್ಟರಿಗೆ ಹೋಗುತ್ತವೆ. ಡಬ್ಬಿಯೊಳಗೆ ಸಾಲಿಗೊಂದು ಫ್ಯೂಜು, ಪಕ್ಕದಲ್ಲಿ ಇಡೀ ಡಬ್ಬಿಯ ಕರೆಂಟು ಕಡಿಯುವ ಒಂದು ದೊಡ್ಡ ಸ್ವಿಚ್ಚು. ಮನೆಯ ಕರೆಂಟಾದರೆ ಮೇನ್ ಆಫ್ ಮಾಡಿದರೆ ಮುಗಿಯಿತು. ಇಲ್ಲಿ ಬಿಸಿಲಿರುವ ತನಕ ಪ್ಯಾನೆಲ್ಲಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಸ್ವಿಚ್ಚು ಆಫ್ ಮಾಡದೆ, ಕರೆಂಟು ಹರಿಯುತ್ತಿರುವಾಗಲೇ ಫ್ಯೂಜು ಎಳೆದರೆ, ಬಿಟ್ಟುಕೊಂಡ ಜಾಗದಲ್ಲಿ ಬೆಂಕಿ ಎದ್ದು ನಿಲ್ಲುತ್ತದೆ. ಅದು ತಾನಾಗಿ ಆರುವ ಬೆಂಕಿಯಲ್ಲ. ಆ ಸಂಗತಿ ಡಬ್ಬಿಯ ಬಾಗಿಲ ಮೇಲೆ ಬರೆದಿತ್ತು. ಬರೆದದ್ದು ಇಂಗ್ಲಿಷಿನಲ್ಲಿ, ಬಿಸಿಲಿಗೆ ಅದೂ ಮಾಸಿಹೋಗಿತ್ತು.

ಆ ಡಬ್ಬಿಗಳ ಕೆಲಸ ಮಾಡುವವರಲ್ಲಿ ಇಬ್ಬರ ಬಗ್ಗೆ ಹೇಳಬೇಕು. ಒಬ್ಬರು ಸಿರಾದವರು, ಅರವತ್ತರ ಹತ್ತಿರದವರು. ಅಲ್ಲಿ ಇಪ್ಪತ್ತು ವರ್ಷ ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಮಾಡಿ ಕರೆಂಟಿನ ಕೆಲಸ ಕೈಯಲ್ಲೇ ಕಲಿತವರು. ಎಲ್ಲರೂ ಭಾಯಿ ಎನ್ನುತ್ತಿದ್ದರು. ಇನ್ನೊಬ್ಬರು ಪಕ್ಕದ ಹಳ್ಳಿಯ ಕುರಿ ಸಾಕುವ ಮನೆತನದವರು, ನಲವತ್ತೈದರ ಆಸುಪಾಸು. ಈಗ ಪ್ಯಾನೆಲ್ಲು ನಿಂತಿರುವ ಜಾಗದಲ್ಲೇ ಕುರಿ ಮೇಯಿಸಿಕೊಂಡಿದ್ದವರು. ಪ್ಲಾಂಟು ಬಂದ ಮೇಲೆ ಮೊದಲು ಪ್ಯಾನೆಲ್ಲಿನಡಿ ಹುಲ್ಲು ಕೊಯ್ಯುವ ಕೆಲಸಕ್ಕೆ ಸೇರಿದರು. ಆಮೇಲೆ ಚುರುಕಾಗಿದ್ದಾರೆಂದು ಅವರನ್ನು ಡಬ್ಬಿಗಳ ಕೆಲಸಕ್ಕೆ ಹಾಕಿಕೊಂಡರು. ಕಲಿಸಿದವರು ಯಾರೂ ಇಲ್ಲ. ಭಾಯಿ ಮಾಡುವುದನ್ನು ನೋಡಿ ಕಲಿತದ್ದು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ.

ಸೇರಿದ ಎರಡನೇ ತಿಂಗಳು ನಾನೊಂದು ಕೆಲಸ ಮಾಡಿದೆ. ತರಬೇತಿ ಪುಸ್ತಕ ಹಿಡಿದುಕೊಂಡು ಎಲ್ಲರ ಹತ್ತಿರ ಹೋಗಿ, 'ವಿದ್ಯುತ್ ಸುರಕ್ಷತಾ ತರಬೇತಿ ಪಡೆದಿದ್ದೇನೆ' ಎಂಬ ಸಾಲಿನ ಮುಂದೆ ಸೈನ್ ಹಾಕಿಸಿಕೊಂಡೆ. ತರಬೇತಿ ನಡೆದಿರಲಿಲ್ಲ. ಆಡಿಟ್ ಹತ್ತಿರ ಬಂದಿತ್ತು, ಇನ್‌ಚಾರ್ಜು ಅವಸರ ಮಾಡುತ್ತಿದ್ದರು, ಮುಂದಿನ ವಾರ ಮಾಡಿದರಾಯಿತು ಎಂದುಕೊಂಡೆ. ಅಣ್ಣ ಕೈ ಒರೆಸಿಕೊಂಡು, ಅಕ್ಷರ ಕೂಡಿಸಿ ಕೂಡಿಸಿ ತಮ್ಮ ಹೆಸರು ಬರೆದರು. ಕೆಳಗೆ ತರಬೇತಿ ಕೊಟ್ಟವರು ಎಂಬ ಜಾಗದಲ್ಲಿ ನನ್ನ ಸೈನು. ಆ ಮುಂದಿನ ವಾರ ಬರಲೇ ಇಲ್ಲ.

ಏಪ್ರಿಲ್‌ನ ಒಂದು ಶುಕ್ರವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಂದು ಡಬ್ಬಿಯ ಎರಡು ಫ್ಯೂಜು ಪೂರ್ತಿ ಹೋಗದೆ, ಸಡಿಲಾಗಿ ಕಾದು ಉತ್ಪಾದನೆ ಸ್ವಲ್ಪ ಇಳಿಯಿತು. ಆ ಡಬ್ಬಿಯ ಸ್ವಿಚ್ಚಿನ ಹಿಡಿ ಕಚ್ಚಿಕೊಂಡು ತಿರುಗುತ್ತಿರಲಿಲ್ಲ. ಭಾಯಿ ಅದನ್ನು ಎರಡು ಸಲ ದೂರು ಪುಸ್ತಕದಲ್ಲಿ ಬರೆಸಿದ್ದರು. ಹಿಡಿ ತಿರುಗದಿದ್ದರೆ ಇನ್ವರ್ಟರ್ ನಿಲ್ಲಿಸಿ ಕೆಲಸ ಮಾಡಬೇಕು. ಹಾಗೆ ಮಾಡಿದರೆ ಅಷ್ಟು ಹೊತ್ತು ಅದಕ್ಕೆ ಸೇರಿದ ಡಬ್ಬಿಗಳೆಲ್ಲ, ಅಂದರೆ ಇಡೀ ಬ್ಲಾಕು ನಿಲ್ಲುತ್ತದೆ. ಇನ್‌ಚಾರ್ಜು ಅವತ್ತು ಸೈಟಿನಲ್ಲಿರಲಿಲ್ಲ. ಮನೆಯವರನ್ನು ಕರೆದುಕೊಂಡು ಗೊರವನಹಳ್ಳಿಗೆ ಹೋಗಿದ್ದರು. ದರ್ಶನದ ಸಾಲಿನಲ್ಲಿ ನಿಂತೇ ಮೊಬೈಲಿನಲ್ಲಿ ಉತ್ಪಾದನೆ ನೋಡಿ, ಅಣ್ಣನಿಗೆ ಫೋನು ಮಾಡಿದರು. ಭಾಯಿ ಪಕ್ಕದಲ್ಲಿದ್ದರು, ಮಾತು ಹೊರಗೆ ಕೇಳುತ್ತಿತ್ತಂತೆ.

"ಸಾ, ಹಿಡಿ ತಿರುಗ್ತಿಲ್ಲ. ಇನ್ವರ್ಟ್ರು ನಿಲ್ಸುಬುಡ್ಲಾ?" ಎಂದು ಅಣ್ಣ ಕೇಳಿದ್ದಾರೆ.

"ಬ್ಲಾಕ್ ನಿಲ್ಲಿಸ್ಬೇಡ. ಎರಡು ಫ್ಯೂಸ್ ತಾನೆ? ಹಂಗೇ ಎಳೆದು ಹಾಕು. ಎರಡ್ನಿಮಿಷದ ಕೆಲಸ."

"ಗ್ಲೌಸು ಬೀರಲ್ಲೈತೆ ಸಾ, ಬೀಗ ಹಾಕೈತೆ."

"ಕೀ ನನ್ಹತ್ರ ಇದೆ. ಇಷ್ಟಕ್ಕೆಲ್ಲ ಗ್ಲೌಸ್ ಯಾಕೆ? ಬೇಗ ಮುಗಿಸು."

ಭಾಯಿ ಬೇಡವೆಂದು ಕೈ ಆಡಿಸಿದರಂತೆ. ಸಾಹೇಬರು ಹೇಳಿದ ಮೇಲೆ ಏನು ಮಾಡಲಿ ಎಂದು ಅಣ್ಣ ಡಬ್ಬಿಯ ಬಾಗಿಲು ತೆಗೆದರು.

ನಾನು ಆಫೀಸಿನಲ್ಲಿದ್ದೆ. ಪಟಾಕಿಯಂಥ ಸದ್ದು ಕೇಳಿ ಹೊರಗೆ ಓಡಿದೆ. ನಾನು ತಲುಪುವ ಹೊತ್ತಿಗೆ ಭಾಯಿ ಅಣ್ಣನ ಸೊಂಟಕ್ಕೆ ಟವೆಲ್ಲು ಹಾಕಿ ಹಿಂದಕ್ಕೆಳೆದು ಮಣ್ಣಿನ ಮೇಲೆ ಮಲಗಿಸಿದ್ದರು. ಎರಡೂ ಅಂಗೈ, ಮುಂಗೈ, ಕತ್ತಿನ ಒಂದು ಪಕ್ಕ, ಗಲ್ಲ ಸುಟ್ಟಿದ್ದವು. ಹುಬ್ಬು ಇರಲಿಲ್ಲ. ಬಲಗೈಯ ಚರ್ಮ ಬಿಟ್ಟುಕೊಂಡಿತ್ತು. ಜೀಪಿನ ಹಿಂದಿನ ಸೀಟಿನಲ್ಲಿ ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಪಾವಗಡಕ್ಕೆ ಹೊರಟೆವು. ದಾರಿಯುದ್ದಕ್ಕೂ ಅವರು ಒಂದೇ ಮಾತು ಹೇಳುತ್ತಿದ್ದರು: "ಕಣ್ಣು ಕಾಣ್ತೈತೆ ಕಣಮ್ಮ. ಕಣ್ಣಿಗೇನೂ ಆಗಿಲ್ಲ ಕಣಮ್ಮ." ನನಗೆ ಧೈರ್ಯ ಹೇಳುತ್ತಿದ್ದರು!

ಅಷ್ಟರಲ್ಲಿ ಇನ್‌ಚಾರ್ಜಿನ ಫೋನು ಶುರುವಾಯಿತು. ಎತ್ತಿದೆ.

"ಮೇಡಂ, ಆಸ್ಪತ್ರೇಲಿ ಮನೇಲಿ ಸ್ಟೌ ಸಿಡೀತು ಅಂತ ಬರೆಸಿ. ಸೈಟ್ ಅಂತ ಬಂದ್ರೆ ನಿಮ್ಗೂ ಕಷ್ಟ, ನಂಗೂ ಕಷ್ಟ. ಖರ್ಚು ನಾವ್ನೋಡ್ಕೋತೀವಿ."

ಹಿಂದಿನಿಂದ ದೇವಸ್ಥಾನದ ಗಂಟೆ ಕೇಳಿಸುತ್ತಿತ್ತು. ಈ ಬರಹದಲ್ಲಿ ಆ ಮನುಷ್ಯನಿಗೆ ಮರ್ಯಾದೆಯ ಬಹುವಚನ ಹಾಕುತ್ತಿದ್ದೇನೆ. ಮನಸ್ಸಿನಲ್ಲಿ ಏಕವಚನಕ್ಕೆ ಇಳಿದದ್ದು ಆ ಗಳಿಗೆಯಲ್ಲಿ. ಫೋನು ಕಟ್ ಮಾಡಿ ಕೈಚೀಲಕ್ಕೆ ಎಸೆದೆ. ಆಸ್ಪತ್ರೆಯಲ್ಲಿ ನರ್ಸು ಏನಾಯಿತು ಎಂದು ಕೇಳಿದಾಗ ನನಗೇ ಅನಗತ್ಯವೆನಿಸುವಷ್ಟು ಜೋರಾಗಿ, ಇಡೀ ವಾರ್ಡಿಗೆ ಕೇಳುವಂತೆ, "ನಮ್ಮ ಸೋಲಾರ್ ಪ್ಲಾಂಟಿನಲ್ಲಿ ಕರೆಂಟಿನ ಬೆಂಕಿಯಲ್ಲಿ ಸುಟ್ಟಿದ್ದಾರೆ. ಕೆಲಸ ಮಾಡುತ್ತಿದ್ದಾಗ. ಹಾಗೇ ಬರೆಯಿರಿ," ಎಂದೆ. ಅವರು ಹಾಗೇ ಬರೆದುಕೊಂಡರು. ಮಧ್ಯಾಹ್ನ ಅಣ್ಣನನ್ನು ತುಮಕೂರಿಗೆ ಕಳಿಸಿದರು.

ಸೋಮವಾರ ಇನ್‌ಚಾರ್ಜು ಅಪಘಾತದ ವರದಿಯನ್ನು ತಾವೇ ಬರೆದು ತಂದು ನನ್ನ ಮುಂದಿಟ್ಟರು. ಕಾರಣ ಎಂಬ ಕಡೆ 'ಕಾರ್ಮಿಕನ ನಿರ್ಲಕ್ಷ್ಯ, ತರಬೇತಿ ಪಡೆದಿದ್ದರೂ ನಿಯಮ ಉಲ್ಲಂಘನೆ' ಎಂದಿತ್ತು.

"ನೀವೇ ಫೋನಿನಲ್ಲಿ ಎಳೆಯಲು ಹೇಳಿದ್ದು," ಎಂದೆ.

"ನಾನು ಹೇಳಿದ್ದಕ್ಕೆ ಏನು ಸಾಕ್ಷಿ? ಅವನಿಗೆ ಟ್ರೇನಿಂಗ್ ಆಗಿದ್ದಕ್ಕೆ ಸಾಕ್ಷಿ ಇದೆ." ತರಬೇತಿ ಪುಸ್ತಕ ತೆರೆದು ಆ ಪುಟ ತೋರಿಸಿದರು. "ಅವನ ಸೈನು. ಕೆಳಗೆ ನಿಮ್ಮ ಸೈನು. ಸುಳ್ಳು ಅಂತೀರಾ ಮೇಡಂ?"

ನಾನು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ನಲ್ಲಿ ತಿರುಗಿಸಿ ಅತ್ತೆ. ಹೆದರಿಕೆಯೂ ಇತ್ತು. ಕೆಲಸ ಹೋದರೆ ಅಮ್ಮನ ಔಷಧಿಗೆ ಏನು ಮಾಡುವುದು ಎಂದು ಯೋಚಿಸಿದೆ. ಯಾರಿಗೂ ಹೇಳದೆ ಆ ವರದಿಗೆ ಸೈನ್ ಹಾಕಿಬಿಡೋಣವೆಂದೂ ಅನ್ನಿಸಿತು. ಆ ಸಂಜೆ ಸೈನ್ ಹಾಕದೆ, ಅಣ್ಣನ ಮನೆಗೆ ಹೋದೆ.

ಅಣ್ಣನ ಹೆಂಡತಿ ಬಟ್ಟೆ ತೆಗೆದುಕೊಂಡು ಹೋಗಲು ಆಸ್ಪತ್ರೆಯಿಂದ ಬಂದಿದ್ದರು. ಅವರ ತವರು ಆಂಧ್ರದ ಗಡಿಯಾಚೆ; ಸಿಟ್ಟು ಬಂದರೆ ತೆಲುಗು ಮೊದಲು ಬರುತ್ತಿತ್ತು. "ಏಮಮ್ಮಾ, ನುವ್ವೇನಾ ಸೇಫ್ಟಿ ಮೇಡಮ್ಮು?" ಎಂದು, ಆ ಸೇಫ್ಟಿ ಮೇಡಂ ನೀನೇನಾ ಎಂದು ಕೇಳಿ ಬಾಗಿಲಲ್ಲೇ ನಿಲ್ಲಿಸಿದರು. ಆಮೇಲೆ ಕನ್ನಡದಲ್ಲಿ: "ದಿನಾ ಮನೇಗೆ ಬಂದು ಹೇಳ್ತಿದ್ದ, ನಮ್ಗೊಬ್ರು ಮೇಡಮ್ನ ಇಟ್ಟವ್ರೆ, ನಮ್ಮನ್ನ ನೋಡ್ಕಳಾಕೆ ಅಂತ. ಏನ್ ನೋಡ್ಕಂಡೆ ನೀನು? ಅನ್ನ ಕಲಸಾಕೆ ಕೈಯಿಲ್ಲ ಅವ್ನಿಗೆ. ನಾನ್ ತಿನ್ಸಿ ಬಂದಿವ್ನಿ. ಯಾಕ್ ಬಂದೆ ಇಲ್ಗೆ? ಸೈನ್ ಹಾಕುಸ್ಕಳಾಕಾ?"

ಆ ಕೊನೆಯ ಮಾತು ಅವರು ಏನು ತಿಳಿದು ಆಡಿದರೋ ಗೊತ್ತಿಲ್ಲ. ನಾನು ಬಾಗಿಲಿಂದಲೇ ವಾಪಸು ಬಂದೆ. ಮರುದಿನ ನನ್ನ ವರದಿಯನ್ನು ನಾನೇ ಕೂತು ಬರೆದೆ. ಕಚ್ಚಿಕೊಂಡ ಹಿಡಿ, ಎರಡು ಸಲ ಬರೆಸಿದ ದೂರು, ಫೋನಿನ ಆದೇಶ, ಬೀಗದೊಳಗಿನ ಗ್ಲೌಸು, ಓದಲಾಗದ ಎಚ್ಚರಿಕೆ. ಕೊನೆಯಲ್ಲಿ, 'ಈ ನೌಕರರಿಗೆ ತರಬೇತಿ ಕೊಟ್ಟಿಲ್ಲ. ಕೊಟ್ಟಿದ್ದೇನೆಂದು ನಾನು ಸುಳ್ಳು ಸಹಿ ಮಾಡಿದ್ದೇನೆ' ಎಂದು ಬರೆದೆ. ಭಾಯಿಗೆ ಓದಿ ಹೇಳಿ, ಸಾಕ್ಷಿ ಹಾಕುತ್ತೀರಾ ಎಂದು ಕೇಳಿದೆ.

"ನನ್ನ ಕಣ್ಮುಂದೆ ಆಗಿದ್ದು ಮೇಡಂ. ಕೈ ಹಿಡ್ದು ನಿಲ್ಲಿಸ್ಬೇಕಿತ್ತು, ನಿಲ್ಲಿಸ್ಲಿಲ್ಲ. ನೌಕ್ರಿ ಹೋದ್ರೆ ಸಿರಾದಲ್ಲಿ ಮೋಟ್ರು ಐತೆ ನಂಗೆ. ಕೊಡಿ ಇಲ್ಲಿ," ಎಂದು ಸೈನ್ ಹಾಕಿದರು.

ಒಂದು ಪ್ರತಿ ಹೆಡ್ಡಾಫೀಸಿಗೆ, ಒಂದು ಸರ್ಕಾರದ ವಿದ್ಯುತ್ ಪರಿವೀಕ್ಷಣಾ ಇಲಾಖೆಗೆ ಕಳಿಸಿದೆ. ಇಲಾಖೆಯಿಂದ ತಪಾಸಣೆಗೆ ಬರುತ್ತೇವೆಂದು ಪತ್ರ ಬಂದ ಮೇಲೆ ಹೆಡ್ಡಾಫೀಸಿನ ದೊಡ್ಡವರೊಬ್ಬರು ಕಾರಿನಲ್ಲಿ ಓಡಿಬಂದರು. ಅದುವರೆಗೆ ಒಂದು ಫೋನೂ ಇರಲಿಲ್ಲ. ಅವರ ಮುಂದೆ ಬೀರು ತೆಗೆಸಿದೆ. ಆರು ಜೊತೆ ರಬ್ಬರ್ ಗ್ಲೌಸು, ಮೇಲೆ ಹಾಕುವ ಚರ್ಮದ ಗ್ಲೌಸು, ಮುಖಕ್ಕೆ ಹಾಕುವ ಎರಡು ಶೀಲ್ಡು, ಎಲ್ಲ ಕವರು ಕೂಡ ಹರಿಯದೆ ಹೊಸದಾಗಿ ಹೊಳೆಯುತ್ತಿದ್ದವು.

"ಇದನ್ನ ಯಾಕೆ ಕೊಟ್ಟಿಲ್ಲ?" ಎಂದರು.

"ಆಡಿಟ್‌ನಲ್ಲಿ ತೋರ್ಸೋಕೆ ಸರ್. ಕೊಟ್ರೆ ಕೊಳೆ ಆಗುತ್ತೆ," ಎಂದರು ಇನ್‌ಚಾರ್ಜು. ಹಾಗೆ ಹೇಳುವಾಗ ಆ ಮುಖದಲ್ಲಿ ನಾಚಿಕೆಯ ಗುರುತೇ ಇರಲಿಲ್ಲ. ಒಳ್ಳೆಯ ಕೆಲಸ ಮಾಡಿದವರ ಹಾಗೆ ಹೇಳಿದರು.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಒಳ್ಳೆಯತನಕ್ಕಲ್ಲ, ತಪಾಸಣೆ ಮುಗಿಯುವ ಮುಂಚೆ ತೆಗೆದರೆ ಚೆನ್ನಾಗಿ ಕಾಣುವುದಿಲ್ಲವೆಂದು. ಸುಳ್ಳು ಸಹಿಗೆ ನನಗೊಂದು ಎಚ್ಚರಿಕೆ ಪತ್ರ ಕೊಟ್ಟರು. ಅದು ನ್ಯಾಯವೇ. ಆ ಪತ್ರ ತೆಗೆದುಕೊಂಡು, "ಇನ್ನು ಮೇಲೆ ಫೈಲು ನಾನು ಮಾಡುತ್ತೇನೆ, ಯಾರೂ ತಂದು ಕೊಡಬೇಡಿ," ಎಂದೆ.

ಆ ಬೇಸಿಗೆಯೆಲ್ಲ ಭಾಯಿ ಮತ್ತು ನಾನು ಒಂದೊಂದು ಡಬ್ಬಿಯ ಮುಂದೂ ನಿಂತೆವು. ಯಾವ ಡಬ್ಬಿಗೆ ಯಾವ ಸಾಲು, ಯಾವ ಇನ್ವರ್ಟರು, ಯಾವ ಹಿಡಿ ಕಚ್ಚಿಕೊಂಡಿದೆ, ಯಾವುದರ ಬಾಗಿಲು ಹಾಕಿಕೊಳ್ಳುವುದಿಲ್ಲ, ಎಲ್ಲವನ್ನೂ ಬರೆದುಕೊಂಡೆವು. ನಕ್ಷೆಯಲ್ಲಿ ಒಂದಿದ್ದರೆ ನೆಲದ ಮೇಲೆ ಇನ್ನೊಂದಿತ್ತು. ಬಾಗಿಲುಗಳ ಮೇಲೆ ಕನ್ನಡದಲ್ಲೂ ತೆಲುಗಿನಲ್ಲೂ ದೊಡ್ಡ ಅಕ್ಷರದ ಎಚ್ಚರಿಕೆ ಬರೆಸಿದೆವು. ಪ್ರತಿಯೊಬ್ಬನಿಗೂ ಅವನದೇ ಕೆಂಪು ಬೀಗ, ಕೀಲಿ ಅವನ ಜೇಬಿನಲ್ಲೇ. ಮೊದಲು ಇನ್ವರ್ಟರು ನಿಲ್ಲಬೇಕು, ಆಮೇಲೆ ಡಬ್ಬಿಯ ಸ್ವಿಚ್ಚು, ಬೇರೆ ಯಾರೂ ಆನ್ ಮಾಡದ ಹಾಗೆ ಅದಕ್ಕೆ ಬೀಗ, ಆಮೇಲೆ ಮೀಟರು ಹಿಡಿದು ಕರೆಂಟು ಹರಿಯುತ್ತಿಲ್ಲವೆಂದು ಕಣ್ಣಾರೆ ನೋಡಬೇಕು. ಅಲ್ಲಿಯವರೆಗೆ ಫ್ಯೂಜಿನ ಹತ್ತಿರ ಕೈ ಹೋಗಬಾರದು. ಹರಿಯುತ್ತಿಲ್ಲವೆಂದರೂ ತಂತಿಯಲ್ಲಿ ಕರೆಂಟು ಕಾದಿರುತ್ತದೆ. ಆದ್ದರಿಂದ ಗ್ಲೌಸು ಕಡ್ಡಾಯ. ಫೋನಿನ ಮಾತಿಗೆ ಡಬ್ಬಿ ತೆಗೆಯುವಂತಿಲ್ಲ, ಬರೆದುಕೊಟ್ಟ ಅನುಮತಿ ಬೇಕು. ಯಾರಿಗಾದರೂ ಸರಿಯಿಲ್ಲವೆನಿಸಿದರೆ ಕೆಲಸ ನಿಲ್ಲಿಸಬಹುದು, ಕಾರಣ ಆಮೇಲೆ ಹೇಳಿದರೆ ಸಾಕು.

ಇದನ್ನೆಲ್ಲ ಕೆಲಸಗಾರರು ಹಾರ ಹಾಕಿ ಸ್ವಾಗತಿಸಿದರೆಂದು ತಿಳಿಯಬೇಡಿ. "ಈ ಬಿಸ್ಲಲ್ಲಿ ಮಕಕ್ಕೆ ಪ್ಲಾಸ್ಟಿಕ್ ಕಟ್ಕಂಡ್ರೆ ಕರೆಂಟ್ಗಿಂತ ಮುಂಚೆ ನಾನೇ ಬಿದ್ದೋಯ್ತೀನಿ," ಎಂದು ಒಬ್ಬ ಶೀಲ್ಡು ನೆಲಕ್ಕೆ ಕುಕ್ಕಿದ. ನಾನು ಅವನ ಮೇಲೆ ಕೂಗಾಡಿದೆ. ಆಮೇಲೆ ನಾನೇ ಶೀಲ್ಡು, ಗ್ಲೌಸು ಹಾಕಿಕೊಂಡು ಮಧ್ಯಾಹ್ನ ಅರ್ಧ ಗಂಟೆ ಡಬ್ಬಿಯ ಮುಂದೆ ನಿಂತು ನೋಡಿದೆ. ಅವನು ಹೇಳಿದ್ದು ನಿಜ. ತಲೆ ಸುತ್ತಿ ಭಾಯಿ ನೀರು ಕೊಡಬೇಕಾಯಿತು. ಡಬ್ಬಿಯ ಕೆಲಸವನ್ನೆಲ್ಲ ಬೆಳಿಗ್ಗೆ ಎಂಟರೊಳಗೆ ಎಂದು ಬದಲಾಯಿಸಿದೆ. ಬಿಸಿಲು ಎಳೆಯದಾಗಿರುವಾಗ ಕರೆಂಟೂ ಕಡಿಮೆ. ಮೇಜಿನ ಮುಂದೆ ಕೂತಿದ್ದರೆ ಇದು ನನಗೆ ಹೊಳೆಯುತ್ತಿರಲಿಲ್ಲ.

ಅಣ್ಣನ ಕೈಗಳು ಮಳೆಗಾಲದ ಹೊತ್ತಿಗೆ ಮಾಗಿದವು. ಬಲಗೈಯ ಎರಡು ಬೆರಳು ಮಡಚಿಕೊಂಡೇ ಉಳಿದವು. ಪರಿಹಾರದ ಕಾಗದಗಳಿಗೆ ನಾನು ಅವರ ಜೊತೆ ಅಲೆದೆ. ಅದು ಬಂತು, ತಡವಾಗಿ. ಆಫೀಸಿನಲ್ಲೇ ಕೂತು ಅನುಮತಿ ಚೀಟಿ ಕೊಡುವ ಕೆಲಸ ಮಾಡಿ ಎಂದು ಕೇಳಿಕೊಂಡೆ. "ಬುಡಮ್ಮ, ಆ ಗೇಟೊಳಿಕೆ ನಾ ಬರಾಕಿಲ್ಲ," ಎಂದರು. ಕುರಿಗಳ ಜೊತೆಗೇ ವಾಪಸು ಹೋದರು. ತರಬೇತಿಯ ದಿನ ಬಂದು ನಾಲ್ಕು ಮಾತು ಹೇಳಿ ಎಂದಾಗ ಒಪ್ಪಿದರು, ಆದರೆ ಗೇಟಿನ ಹೊರಗೆ ಮಾತ್ರ. ಹೀಗಾಗಿ ನಮ್ಮ ಮೊದಲನೆಯ ನಿಜವಾದ ತರಬೇತಿ ಗೇಟಿನ ಹೊರಗೆ, ಬೇವಿನ ಮರದ ಕೆಳಗೆ ನಡೆಯಿತು.

ಅಣ್ಣ ಕೈಯೆತ್ತಿ ಎಲ್ಲರಿಗೂ ತೋರಿಸಿದರು. ನನ್ನನ್ನು ನೋಡಲಿಲ್ಲ.

"ಈ ಯಮ್ಮ ಅವತ್ತು ಸೈನ್ ಹಾಕಣ್ಣ ಅಂದ್ಲು. ಹಾಕ್ದೆ. ಯಾವುದಕ್ಕೆ ಅಂತ ನಾನೂ ಕೇಳ್ನಿಲ್ಲ, ಅವ್ಳೂ ಹೇಳ್ನಿಲ್ಲ. ಆ ಸಾಹೇಬ ಎಳಿ ಅಂದ. ಎಳ್ದೆ. ನೀವು ಕೇಳ್ರಲಾ. ಬಾಯ್ಬಿಟ್ಟು ಕೇಳ್ರಿ. ಬೈದ್ರೆ ಬೈಯ್ಲಿ. ಬೈಗುಳದಿಂದ ಯಾರ ಕೈಯೂ ಸುಡಾಕಿಲ್ಲ."

ಇಷ್ಟು ಹೇಳಿ ಎದ್ದು ಹೋದರು. ಅಷ್ಟು ಜನರ ಮುಂದೆ ಆ ಮಾತು ಕೇಳಿ ನನಗೆ ನೆಲ ಬಿರಿದರೆ ಸಾಕಿತ್ತು. ಆದರೂ ಅವರು ಹೇಳಿದ್ದಕ್ಕಿಂತ ಹೆಚ್ಚಿನದನ್ನು ನಾನು ಅಲ್ಲಿ ಏನೂ ಕಲಿಸಲಿಲ್ಲ.

ಹಳೆಯ ಇನ್‌ಚಾರ್ಜಿಗೆ ಏನಾಯಿತೆಂದು ಎಲ್ಲರೂ ಕೇಳುತ್ತಾರೆ. ವರ್ಗವಾಯಿತು. ಇದಕ್ಕಿಂತ ದೊಡ್ಡ ಸೈಟಿಗೆ, ದೊಡ್ಡ ಹುದ್ದೆಗೆ. ಬೀಳ್ಕೊಡುಗೆಗೆ ಶಾಲು ಹೊದಿಸಿದರು. ನಾನು ಹೋಗಲಿಲ್ಲ. ಅವತ್ತು ಬಸ್ಸಿನಲ್ಲಿ ಮಧುಗಿರಿಯವರೆಗೂ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಹಲ್ನೋವಾ?" ಎಂದು ಕೇಳಿದಳು.

ಹೊಸ ಇನ್‌ಚಾರ್ಜು ಕೆಟ್ಟ ಮನುಷ್ಯನಲ್ಲ. ಆದರೂ ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಭಾಯಿಗೆ ಫೋನು ಮಾಡಿ ಅದೇ ಧಾಟಿಯಲ್ಲಿ, ಒಂದು ಫ್ಯೂಜು ತಾನೆ, ಬೇಗ ಹಾಕಿಬಿಡಿ ಎಂದರು. ಭಾಯಿ ಪ್ಯಾನೆಲ್ಲಿನ ನೆರಳಿನಲ್ಲಿ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದರು. ನಾನು ಎದುರಿಗಿದ್ದೆ.

"ಚೀಟಿ ಕಳ್ಸಿ ಸಾರ್. ಬ್ಲಾಕ್ ನಿಲ್ಸಿ. ಇಲ್ಲ ಅಂದ್ರೆ ನಾಳೆ ಬೆಳಿಗ್ಗೆ ಏಳಕ್ಕೆ ಮಾಡ್ತೀನಿ. ಈಗ ನಾನು ತೆಗ್ಯಲ್ಲ, ಬೇರೆಯವ್ರಿಗೂ ತೆಗ್ಯೋಕೆ ಬಿಡಲ್ಲ," ಎಂದರು ಭಾಯಿ.

ಆ ಕಡೆಯಿಂದ ಕೂಗಾಟ ಕೇಳಿಸಿತು. ನಾನು ಫೋನು ಕಸಿದುಕೊಂಡು, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕೂಗಿಬಿಟ್ಟೆ. ಅರ್ಧಕ್ಕರ್ಧ ಮಾತು ಅವರಿಗೆ ಸಂಬಂಧಪಟ್ಟದ್ದೇ ಅಲ್ಲ. ಆಡಬೇಕಾದ ಕಾಲದಲ್ಲಿ ಹಳೆಯ ಇನ್‌ಚಾರ್ಜಿಗೆ ಆಡದೆ ಉಳಿಸಿಕೊಂಡಿದ್ದು. ಅವರು ನನ್ನ ನಡವಳಿಕೆಯ ಬಗ್ಗೆ ಹೆಡ್ಡಾಫೀಸಿಗೆ ದೂರು ಬರೆದರು. ನನಗೆ ಎರಡನೆಯ ಎಚ್ಚರಿಕೆ ಪತ್ರ ಬಂತು. ಅದಕ್ಕೆ ನಾನು ಕ್ಷಮೆ ಕೇಳಿ ಬರೆದೆ, ಕೂಗಿದ್ದಕ್ಕೆ ಮಾತ್ರ.

ಆ ಫ್ಯೂಜನ್ನು ಮರುದಿನ ಬೆಳಿಗ್ಗೆ ಏಳಕ್ಕೆ ಭಾಯಿ ಹಾಕಿದರು. ಇನ್ವರ್ಟರು ನಿಲ್ಲಿಸಿದ್ದು ಹೊಸ ಇನ್‌ಚಾರ್ಜೇ, ಸ್ವತಃ ಬಂದು ನಿಂತು. ನನ್ನ ಜೊತೆ ಅವರು ಇವತ್ತಿಗೂ ಸರಿಯಾಗಿ ಮಾತಾಡುವುದಿಲ್ಲ. ಚೀಟಿಗೆ ಮಾತ್ರ ತಪ್ಪದೆ, ಓದಿ ಸೈನ್ ಹಾಕುತ್ತಾರೆ.